ಮದುವೆ ಕಾರ್ಡಿನ ಹಿಂದಿನ ಕೋಡ್

ಮದುವೆ ಫೋಟೊ ತೆಗೆಯಲು ಹೋಗಿದ್ದ ಛತ್ರದಲ್ಲಿ ನನ್ನ ಫೋನು ಕೈ ತೊಳೆಯುವ ತೊಟ್ಟಿಗೆ ಬಿದ್ದು ಸತ್ತೇ ಹೋಯಿತು. ಹೊಸದನ್ನು ಕೊಂಡೆ. ಇನ್ನೂ ಯಾರಿಗೂ ಕೊಡದ ಮೂರು ಮದುವೆಗಳ ಫೋಟೊ ಇದ್ದ ಆನ್‌ಲೈನ್ ಖಾತೆ ತೆರೆಯಲು ಹೋದರೆ, ಪಾಸ್‌ವರ್ಡ್ ಜೊತೆಗೆ ಆರಂಕಿಯ ಕೋಡನ್ನೂ ಕೇಳಿತು. ಅದನ್ನು ಕೊಡುವ ಆ್ಯಪ್ ಇದ್ದದ್ದು ಸತ್ತ ಫೋನಿನಲ್ಲಿ.

ರಾಜೀವನಗರದಲ್ಲಿ ಫೋನ್ ರಿಪೇರಿ ಮಾಡುವ ಸಲೀಂ ಭಾಯಿ ನನಗೆ ಹಳೇ ಪರಿಚಯ. ಬಿಚ್ಚಿ ನೋಡಿ, ಆಗಲ್ಲ ಅಂತ ತಲೆಯಾಡಿಸಿದರು.

"ಯಾವ ಆ್ಯಪ್ ಹಾಕಿದ್ರಿ ಸಾರ್?"

"ಹುಡುಕಿದಾಗ ಮೊದಲು ಬಂದದ್ದು."

"ಬ್ಯಾಕಪ್ ಇತ್ತಾ?"

"ಅದನ್ನ ನೋಡ್ಬೇಕು ಅಂತಾನೇ ಗೊತ್ತಿರ್ಲಿಲ್ಲ."

"ತುರ್ತಿಗೆ ಇರ್ಲಿ ಅಂತ ಹತ್ತು ಕೋಡ್ ಕೊಟ್ಟಿರ್ತಾರಲ್ಲ, ಬರ್ಕೊಂಡಿದ್ದೀರಾ?"

ಬರೆದುಕೊಂಡಿದ್ದೆ, ಕೈಗೆ ಸಿಕ್ಕ ಯಾರದೋ ಮದುವೆ ಕಾರ್ಡಿನ ಹಿಂದೆ. ಆ ಮದುವೆಯಾಗಿ ವರ್ಷವಾಗಿತ್ತು. ಒಂಟಿಕೊಪ್ಪಲಿನ ನಮ್ಮ ಮನೆಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಆ ಕಾರ್ಡ್ ಇನ್ನೂ ಇದೆಯಾ ಅಂತ ಕೇಳಿದೆ.

"ಗಣಪತಿ ಚಿತ್ರ ಇರೋ ಕಾರ್ಡನ್ನ ಕಸಕ್ಕೆ ಹಾಕ್ತಾರೇನ್ರೀ? ಎಲ್ಲಾ ದೇವರ ಮನೇಲಿ ಕಟ್ಟಿಟ್ಟಿದೀನಿ" ಅಂದಳು ಹೆಂಡತಿ.

ಕಟ್ಟು ಬಿಚ್ಚಿ, ಹುಡುಕಿ, ಒಂದು ಕೋಡ್ ಓದಿದಳು. ಖಾತೆ ತೆರೆದುಕೊಂಡಿತು. ಮೂರು ಜೋಡಿಯೂ ಹಾರ ಹಾಕಿಕೊಂಡು ನಗುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ನೀರು ಕೇಳಿದೆ.

ಸಲೀಂ ಭಾಯಿ ಬ್ಯಾಕಪ್ ಇರುವ ಆ್ಯಪನ್ನೇ ಆರಿಸಿ ಹಾಕಿಕೊಟ್ಟರು. "ಆದ್ರೂ ಹೊಸ ಕೋಡ್ ಬರ್ಕೊಂಬುಡಿ."

ನಾನು ಕಾಗದಕ್ಕೆ ತಡಕಾಡಿದೆ. ಅವರು ಡ್ರಾಯರಿನಿಂದ ತಮ್ಮ ಮಗಳ ಮದುವೆ ಕಾರ್ಡು ತೆಗೆದು, ನನ್ನ ಹೆಸರು ಬರೆದು ಕೊಟ್ಟರು.

"ಹೆಂಗೂ ನಿಮ್ಗೆ ಕೊಡ್ಬೇಕಿತ್ತು. ಹಿಂದ್ಗಡೆ ಬರ್ಕೊಳ್ಳಿ." ಆಮೇಲೆ ಕಾರ್ಡಿನ ಮೇಲಿದ್ದ ಅಲ್ಲಾಹನ ಹೆಸರು ತೋರಿಸಿ, "ನಮ್ದನ್ನೂ ಎಸೆಯಂಗಿಲ್ಲ ಸಾರ್" ಅಂದರು.