ಚಿನ್ನಸ್ವಾಮಿಯ ಜೋಡಿ ಕೊಂಬು

ತಳಿ ಊರಿನ ಕಡೆ ಜೋಡಿ ಕೊಂಬು ಅಂದರೆ ಚಿನ್ನಸ್ವಾಮಿ, ಸುಬ್ರಮಣಿ. ಅಣ್ಣ ಚಿನ್ನಸ್ವಾಮಿ ಕೊಂಬಿನಲ್ಲಿ ಕೂಗುವವನು, ತಮ್ಮ ಓಗೊಡುವವನು. ಒಬ್ಬನ ಉಸಿರು ತೀರುವ ಮೊದಲೇ ಇನ್ನೊಬ್ಬ ಎತ್ತಿಕೊಳ್ಳಬೇಕು, ಸದ್ದು ನಡುವೆ ಕಡಿಯಬಾರದು. ಒಂಟಿ ಕೊಂಬು ಊದುವುದು ಸಾವಿಗೆ ಮಾತ್ರ. ಹೋದ ವರ್ಷ ಸುಬ್ರಮಣಿ ತೀರಿಕೊಂಡಾಗ ಚಿನ್ನಸ್ವಾಮಿ ಮಸಣದ ತನಕ ಒಂಟಿಯಾಗಿ ಊದಿದ. ಮನೆಗೆ ಬಂದವನೇ ಎರಡೂ ಕೊಂಬುಗಳನ್ನು ಅಟ್ಟಕ್ಕೆ ಹಾಕಿ, ಬೆಳಗಾದರೆ ಗುಲಾಬಿ ತೋಟದ ಕೂಲಿಗೆ ಹೋಗುವ ಮನುಷ್ಯನಾದ.

ಹಳೆಯ ವಾದ್ಯಗಳ ಮೇಲೆ ಸಿನಿಮಾ ತೆಗೆಯುತ್ತಿದ್ದ ಗೋಪಿನಾಥ್ ಬಂದ. "ನೀವೊಬ್ಬರೇ ಊದಿ ತಾತ. ಇನ್ನೊಂದು ಕೊಂಬು ಕಂಪ್ಯೂಟರಲ್ಲಿ ಸೇರಿಸ್ತೀವಿ. ಹಿಂದೆ ನಲವತ್ತು ಪಿಟೀಲು ಇರುತ್ತೆ."

"ನಲವತ್ತು ಜನ ಪಿಟೀಲು ಹಿಡ್ಕೊಂಡು ಯಾರ ಹೆಣದ ಹಿಂದೆ ಬತ್ತಾರಪ್ಪಾ?" ಅಂದ ಚಿನ್ನಸ್ವಾಮಿ. ಗೋಪಿನಾಥ್ ಬಂದ ದಾರಿ ಹಿಡಿದ.

ಹೆಂಡತಿ ಶ್ಯಾಮಲಮ್ಮ ಮುದ್ದೆ ಬಡಿಸುತ್ತಾ ಕೇಳಿದಳು: "ನಿಮ್ಮಪ್ಪ ಕಲಿಸಿದ ಕೂಗು ನಿನ್ ಜೊತೇಲೇ ಮಣ್ಣಿಗೆ ಹೋಗ್ಲಿ ಅಂತಾನಾ? ಮಕ್ಕಳಿಲ್ದೋರು ನಾವು. ಯಾರಿಗಂತ ಬಚ್ಚಿಟ್ಕೊಂಡಿದ್ದೀಯ?" ಅವನು ಕೈ ತೊಳೆದು ಅಟ್ಟದಿಂದ ತನ್ನ ಕೊಂಬು ಇಳಿಸಿದ. ಜೋಡಿ ಸಿಕ್ಕರೆ ಊದುತ್ತೇನೆಂದು ಗೋಪಿನಾಥನಿಗೆ ಹೇಳಿ ಕಳಿಸಿದ.

ಗೋಪಿನಾಥ್ ಈ ಸಲ ಭಾನು ಎಂಬ ಹುಡುಗಿಯನ್ನು ಕರೆತಂದ. ಬೆಂಗಳೂರಿನ ಆರ್ಕೆಸ್ಟ್ರಾದಲ್ಲಿ ಸುರುಳಿ ಸುತ್ತಿದ ಹಿತ್ತಾಳೆ ಕೊಂಬು ಊದುವವಳು. ಯಾರದೋ ಫೋನಿನಲ್ಲಿದ್ದ, ಅಣ್ಣತಮ್ಮಂದಿರು ಊದಿದ ಹಳೆಯ ತುಣುಕು ಕೇಳಿ, ಓಗೊಡುವ ಸ್ವರ ಕಲಿತು ಬಂದಿದ್ದಳು.

"ಹಾವು ಸುತ್ಕೊಂಡು ಮಲಗಿದಂಗದೆ. ಏಳ್ತದಾ ಇದು?" ಅಂದ ಚಿನ್ನಸ್ವಾಮಿ, ಅವಳ ಕೊಂಬು ನೋಡಿ.

"ಎಬ್ಬಿಸೋಕೆ ಬರುತ್ತೆ ತಾತ. ಯಾವಾಗ ಅಂತ ನೀವು ಹೇಳಿ."

ಜಗಲಿಯ ಮೇಲೆ ಕೂತು ಅವನು ಕೂಗಿದ. ಅವನು ನಿಲ್ಲಿಸಿದ ಮೇಲೆ ಅವಳು ಶುರು ಮಾಡಿದಳು.

"ಮುಗಿಯೋಗಂಟ ಕಾಯ್ಬ್ಯಾಡ ಕಣವ್ವಾ. ನನ್ ಭುಜ ನೋಡು. ಅದು ಇಳಿಯಂಗಾದ್ರೆ ಎತ್ಕೊ."

ಮಧ್ಯಾಹ್ನದವರೆಗೂ ಇಬ್ಬರ ಸದ್ದಿನ ನಡುವೆ ಸಂದು ಉಳಿದೇ ಇತ್ತು. ಊಟವಾದ ಮೇಲೆ ಒಂದು ಉದ್ದನೆಯ ಕೂಗಿನ ನಡುವೆ ಚಿನ್ನಸ್ವಾಮಿಗೆ ಕೆಮ್ಮು ಒತ್ತರಿಸಿತು. ಭುಜ ಇಳಿಯುವುದಕ್ಕೂ ಪುರುಸೊತ್ತಿರಲಿಲ್ಲ, ಉಸಿರು ಕಡಿಯಿತು. ಆದರೆ ಸದ್ದು ಕಡಿಯಲಿಲ್ಲ. ಬೀಳುವವನ ಕಂಕುಳಿಗೆ ಕೈ ಕೊಟ್ಟಂತೆ ಭಾನುವಿನ ಕೊಂಬು ಅದನ್ನು ಎತ್ತಿಕೊಂಡಿತ್ತು. ಸುಬ್ರಮಣಿ ಹೀಗೆ ಎಷ್ಟು ಸಲ ಅವನ ಮಾನ ಉಳಿಸಿದ್ದನೋ.

"ಸಿಕ್ತು ತಾತ, ಇಷ್ಟು ಸಾಕು," ಅಂದ ಗೋಪಿನಾಥ್.

ಚಿನ್ನಸ್ವಾಮಿ ಕಣ್ಣೊರೆಸಿಕೊಂಡ. "ನಿನ್ ಸಿನಿಮಾಕ್ಕೆ ಸಾಕು. ನಾನು ಹೋದ್ಮೇಲೆ ಈ ಮಗು ಯಾರಿಗೆ ಓಗೊಡ್ತದೆ? ತಾಯಿ, ಈಗ ನೀನು ಕೂಗು." ಅವಳಿಗೆ ಮೊದಲ ಸ್ವರ ಹೇಳಿಕೊಟ್ಟು, ಸುಬ್ರಮಣಿ ಕೂರುತ್ತಿದ್ದ ಎಡಗಡೆಗೆ ಸರಿದು ಕೂತ.

ಭಾನು ಕೂಗಿದಳು. ಹುಟ್ಟಿದಾಗಿಂದ ಕೂಗಿಯೇ ಗೊತ್ತಿದ್ದ ಚಿನ್ನಸ್ವಾಮಿ ಎತ್ತಿಕೊಳ್ಳುವುದರಲ್ಲಿ ಹಿಂದೆ ಬಿದ್ದ. ಬಾಗಿಲಲ್ಲಿ ನಿಂತಿದ್ದ ಶ್ಯಾಮಲಮ್ಮ ಸೆರಗು ಬಾಯಿಗೊತ್ತಿ ನಕ್ಕಳು.

"ನಗು, ನಗು," ಎಂದು ಅವನು ಕೊಂಬು ಒರೆಸಿದ. "ಇನ್ನೊಂದ್ ದಪ ಕೂಗವ್ವಾ. ನಂಗಿನ್ನೂ ಬರಂಗಿಲ್ಲ."