ಉಪ್ಪುನೀರಿನಲ್ಲಿ ಬೆಳೆದ ಹಸಿರು

ನಲ್ಲಿ ಬರುವ ದಿನವಾದರೆ ಮೊದಲು ಕೊಡ, ಬಕೆಟ್ಟು, ಬ್ಯಾರಲ್ಲು ತುಂಬಬೇಕು. ಅಂಗಳ ಗುಡಿಸಿ ನೀರು ಚಿಮುಕಿಸಿ ನಾಲ್ಕು ಗೆರೆ ರಂಗೋಲಿ ಎಳೆಯಬೇಕು. ಅತ್ತೆಯ ಸ್ನಾನಕ್ಕೆ ನೀರು ಕಾಯಿಸಬೇಕು, ಅವರ ಮೊಣಕಾಲಿಗೆ ಎಣ್ಣೆ ತಿಕ್ಕಬೇಕು. ನೆನೆದ ಹೆಸರುಕಾಳಿಗೆ ಒಗ್ಗರಣೆ ಹಾಕಿ, ಜೋಳದ ಹಿಟ್ಟಿಗೆ ಕುದಿನೀರು ಹೊಯ್ದು, ಕೈ ಸುಡುವಾಗಲೇ ನಾದಿ ರೊಟ್ಟಿ ಬಡಿಯಬೇಕು. ಗಂಡನ ಡಬ್ಬಿ, ತನ್ನ ಡಬ್ಬಿ, ಅತ್ತೆಗೆ ಮಧ್ಯಾಹ್ನಕ್ಕೆ ಮುಚ್ಚಿಟ್ಟ ತಾಟು. ಅರಿವೆ ಸಾಬೂನಿನ ನೀರಿನಲ್ಲಿ ನೆನೆಹಾಕಬೇಕು. ಇವುಗಳ ನಡುವೆ, ಆ ಮನೆಯಲ್ಲಿ ಯಾರೂ ಕೆಲಸವೆಂದು ಒಪ್ಪದ ಇನ್ನೊಂದು ಕೆಲಸವಿತ್ತು. ಟಾರ್ಚ್ ಹಿಡಿದು ಪಡಸಾಲೆಯ ಗಾಜಿನ ತೊಟ್ಟಿಯ ಮುಂದೆ ಕೂತು, ಎರಡೂ ಮೀನು ಜೀವದಿಂದಿವೆಯೇ ಎಂದು ನೋಡುವುದು.

ಕಿತ್ತಳೆ ಮೈ, ಬಿಳಿ ಪಟ್ಟಿ. ಕಂಡವು. ಆಮೇಲೆ ಶೈಲಾ ಬೆಳಕನ್ನು ತೊಟ್ಟಿಯೊಳಗಿನ ಕಲ್ಲಿನ ಮೇಲೆ ಬಿಟ್ಟಳು. ನಿನ್ನೆ ಸಂಜೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದಿದ್ದ ಜಾಗದಲ್ಲೇ ಪಾಚಿ ಮತ್ತೆ ಕೂದಲಿನಂತೆ ಎದ್ದು ನಿಂತಿತ್ತು.

ಶೈಲಾ ಬೀಳಗಿ ಕಡೆಯ ಕುರಿ ಸಾಕುವ ಮನೆಯ ಮಗಳು. ಓದಿ ಮಾಸ್ತರಿಕೆ ಹಿಡಿದಳು. ಜಮಖಂಡಿಗೆ ಸೊಸೆಯಾಗಿ ಬಂದು, ದಿನಾ ಬಸ್ಸಿನಲ್ಲಿ ಸಾವಳಗಿಯ ಶಾಲೆಗೆ ಹೋಗಿಬರುತ್ತಾಳೆ. ಗಂಡ ಶಶಿಕಾಂತ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಗುಮಾಸ್ತ. ಕಬ್ಬು ಅರೆಯುವ ಹಂಗಾಮು ಶುರುವಾದರೆ ಅವನು ಬರುವ ಹೊತ್ತು ಅವನಿಗೇ ಗೊತ್ತಿರುವುದಿಲ್ಲ. ಅವಳು ಸಮುದ್ರ ಕಂಡದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ, ಕಾರವಾರದಲ್ಲಿ. ಮಕ್ಕಳೆಲ್ಲ ನೀರಿಗಿಳಿದಾಗ ಅವಳು ದಡದಲ್ಲಿ ನಿಂತು ಅವರ ಚಪ್ಪಲಿ ಕಾಯುತ್ತಿದ್ದಳು. ಒಂದು ತೆರೆಯೂ ಅವಳ ಕಾಲಿನವರೆಗೆ ಬರಲಿಲ್ಲ.

ಶೈಲಾಳ ಬಾಕಿ ಸಂಬಳ ಒಟ್ಟಿಗೆ ಬಂದಾಗ ಬಟ್ಟೆ ಒಗೆಯುವ ಮಶೀನು ತರೋಣವೆಂದು ಮನೆಯಲ್ಲಿ ಮಾತಾಯಿತು. "ನಿನಗ ಆರಾಮ ಆಗತೈತಿ" ಎಂದರು. ಮನೆಯವರೆಲ್ಲರ ಅರಿವೆ ಒಗೆಯುವ ಮಶೀನು ತನ್ನೊಬ್ಬಳದು ಹೇಗಾಗುತ್ತದೆಂದು ಶೈಲಾಗೆ ತಿಳಿಯಲಿಲ್ಲ. ಬೆಳಗಾವಿಗೆ ಹೋಗಿ ಉಪ್ಪುನೀರಿನ ಈ ತೊಟ್ಟಿ ತಂದಳು. ಅರಿವೆಯನ್ನು ಕೈಯಲ್ಲೇ ಒಗೆಯುವುದು ಮುಂದುವರಿಯಿತು.

"ಏ ಶೈಲಾ, ನಿನ್ನ ಸಮುದ್ರದಾಗ ಹುಲ್ಲು ಬೆಳದೈತಲ್ಲ" ಎಂದ ಶಶಿಕಾಂತ ಅಂದು ಚಹಾ ಕುಡಿಯುತ್ತ. "ನಿಮ್ಮಪ್ಪಗ ಫೋನ್ ಹಚ್ಚು, ನಾಕ ಕುರಿ ತಂದು ಬಿಡಲಿ."

"ನಗಬ್ಯಾಡಲೇ" ಎಂದರು ಅತ್ತೆ ಸುಂದರವ್ವ. "ಹಸರ ಕಂಡ್ರ ಕಣ್ಣಿಗೆ ತಂಪ."

"ಎಲ್ಲಿ ತಂಪವ್ವಾ? ನಾರಾಕತ್ತೈತಿ. ಇವು ಸತ್ತ ದಿನಾನ ಈ ಜಾಗಾದಾಗ ಮಶೀನ್ ತಂದ ಇಡ್ತೀನಿ. ಈಗ ಹೇಳೀನಿ, ಆಮ್ಯಾಲ ಅಳಬ್ಯಾಡ."

ನಗುತ್ತಲೇ ಹೇಳಿದ. ಆದರೆ ಎದ್ದು ಹೋಗುವಾಗ ಆ ಮೂಲೆಯ ಅಗಲವನ್ನು ಗೇಣು ಹಾಕಿ ನೋಡಿದ.

ಬಸ್ಸಿನಲ್ಲಿ ಕೂತು ಶೈಲಾ, ತೊಟ್ಟಿ ಮಾರಿದ ಅಂಗಡಿಯ ಈಶ್ವರನಿಗೆ ಫೋನು ಮಾಡಿದಳು. ಅವನು ಹೇಳಿದ್ದನ್ನೆಲ್ಲ ಆಗಲೇ ಮಾಡಿದ್ದಳು. ತೊಟ್ಟಿಯ ದೀಪ ಹೊತ್ತಿಸುವ ಹೊತ್ತು ಇಳಿಸಿದ್ದಳು. ಬೋರಿನ ನೀರು ಬಿಟ್ಟು, ಶುದ್ಧ ನೀರಿನ ಕ್ಯಾನು ಹೊತ್ತು ತಂದು ಉಪ್ಪು ಕದಡಿ, ವಾರವಾರ ಅಷ್ಟಿಷ್ಟು ನೀರು ಬದಲಿಸಿದ್ದಳು. ಪಾಚಿ ಮೇಯುವ ಬಸವನಹುಳು ಬಿಟ್ಟಿದ್ದಳು.

"ಅಕ್ಕಾರ, ಊಟ ಭಾಳ ಆಗಾಕತ್ತೈತಿ" ಎಂದ ಈಶ್ವರ.

"ದಿನಾ ಬಿಟ್ಟ ದಿನಾ ಒಂದ ಚಿಟಿಕಿ ಹಾಕ್ತೀನಿ, ಅಷ್ಟ."

"ಹಂಗಂದ್ರ ಮತ್ಯಾರೋ ಹಾಕಾಕತ್ತಾರ ನೋಡ್ರಿ. ಪಾಚಿ ಗಾಳಿ ತಿಂದು ಬೆಳ್ಯಂಗಿಲ್ಲ. ಮತ್ತ ಕರೆಂಟ್ ಹೋದ್ರ ಹುಷಾರಿರ್ರಿ. ಕತ್ತಲದಾಗ ಪಾಚಿನೂ ಉಸಿರ ಎಳಕೊಂತೈತಿ. ಮೀನಿಗೆ ಸಾಲಂಗಿಲ್ಲ."

ಮತ್ಯಾರೋ. ಪಾಠ ಮಾಡುವಾಗಲೂ ಆ ಮಾತು ಬಿಡಲಿಲ್ಲ. ಹಗಲೆಲ್ಲ ಮನೆಯಲ್ಲಿರುವವರು ಒಬ್ಬರೇ.

ಶುಕ್ರವಾರ ಊರಲ್ಲೇ ಶಿಕ್ಷಕರ ಸಭೆಯಿತ್ತು, ಬೇಗ ಮುಗಿಯಿತು. ಮಧ್ಯಾಹ್ನವೇ ಮನೆಗೆ ಬಂದರೆ, ಸುಂದರವ್ವ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ತಾಟು. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ನಡುಗುವ ಬೆರಳುಗಳಿಂದ ಒಂದೊಂದೇ ಅಗುಳಿನಷ್ಟು ನೀರಿಗೆ ಬಿಡುತ್ತಿದ್ದರು. "ಬಾರವ್ವಾ, ಬಾ. ನೀನೂ ಬಾರಲೇ, ಅಕಿನ ಹಿಂದ ಯಾಕ ಅಡಗ್ತಿ?"

"ಅತ್ತಿ!" ಶೈಲಾಳ ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಹಾಕಬ್ಯಾಡ್ರಿ. ನಮ್ಮ ರೊಟ್ಟಿ ಅವಕ್ಕ ಆಗಂಗಿಲ್ಲ. ತಳದಾಗ ಕೊಳಿತೈತಿ, ಅದಕ್ಕ ಪಾಚಿ ಬರಾಕತ್ತೈತಿ."

"ದಿನಾ ಬಿಟ್ಟ ದಿನಾ ಹಾಕ್ತಿ ನೀ. ಬಾಯಿ ತಕ್ಕೊಂಡ ಬರ್ತಾವ ಬೇ, ನಾ ಹೆಂಗ ಸುಮ್ಮ ಕುಂದರ್ಲಿ? ಮರಿಗೆ ಹಾಕದ ನಮ್ಮ ಬಾಯಾಗ ತುತ್ತ ಇಟ್ಟ ಮಂದಿ ಅಲ್ಲ ನಾವು."

"ಇವು ಕುರಿಮರಿ ಅಲ್ರಿ."

"ಅಲ್ಲ, ಗೊತ್ತೈತಿ. ನಂಗೇನ ಕಣ್ಣಿಲ್ಲೇನ?" ಸುಂದರವ್ವ ತಾಟನ್ನು ಪಕ್ಕಕ್ಕಿಟ್ಟರು. "ನನ್ನ ಕಂಡ್ರ ಓಡಿ ಬರ್ತಾವ. ನೀ ಹೋದ್ರ ಸಂಜಿಗೆ ಬರ್ತಿ, ಅಂವ ಯಾವಾಗ ಬರ್ತಾನೋ ಏನೋ. ಈ ಮನ್ಯಾಗ ನನ್ನ ಕಂಡು ಓಡಿ ಬರಾವರು ಇನ್ನ್ಯಾರ ಅದಾರ ಹೇಳ."

ಅತ್ತೆಯ ಕೈ ಮೊದಮೊದಲು ನಡುಗತೊಡಗಿದ ದಿನಗಳಲ್ಲಿ, ಒಲೆಯ ಮುಂದಿನಿಂದ ಅವರನ್ನು ಎಬ್ಬಿಸಿದವಳು ಶೈಲಾಳೇ. "ಆರಾಮ ಕುಂದರ್ರಿ" ಎಂದಿದ್ದಳು. ಜೀವಮಾನವೆಲ್ಲ ಮನೆಮಂದಿಗೆ, ಆಳಿಗೆ, ನಾಯಿಗೆ, ಮರಿಗೆ ಉಣ್ಣಲಿಕ್ಕೆ ಇಟ್ಟ ಕೈಗೆ ಆಮೇಲೆ ಯಾವ ಕೆಲಸವೂ ಉಳಿದಿರಲಿಲ್ಲ.

"ಆತ ಬಿಡು, ಹಾಕಂಗಿಲ್ಲ" ಎಂದರು ಸುಂದರವ್ವ, ಅವಳ ಮುಖ ನೋಡಿ.

ಮರುದಿನ ಶಾಲೆಯಿಂದ ಬಂದಾಗ ಮರಳಿನ ಮೇಲೆ ಹೊಸ ಬಿಳಿ ಚೂರುಗಳಿದ್ದವು.

ಅದೇ ಸಂಜೆ ಕರೆಂಟು ಹೋಯಿತು. ನೀರು ತಿರುಗಿಸುವ ಮೋಟಾರು ನಿಂತು ಪಡಸಾಲೆ ಒಮ್ಮೆಲೇ ನಿಶ್ಶಬ್ದವಾಯಿತು. ಶೈಲಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಸ್ವಲ್ಪ ಹೊತ್ತಿಗೆ ಎರಡೂ ಮೀನು ಮೇಲಕ್ಕೆ ಬಂದು ನೀರಿನ ಅಂಚಿಗೆ ಬಾಯಿ ಹಚ್ಚಿ ಗಬಗಬ ಎನ್ನತೊಡಗಿದವು. ಚಿಕ್ಕದು ಒಂದು ಮಗ್ಗುಲಿಗೆ ವಾಲಿತ್ತು.

"ನೋಡ, ಹಸದಾವ" ಎಂದರು ಸುಂದರವ್ವ ಕತ್ತಲಲ್ಲಿ.

"ಹಸಿವಲ್ರಿ ಅತ್ತಿ, ಉಸಿರ ಸಿಗವಲ್ದು."

ಅವಳು ಕೈ ತೊಳೆದು, ಚರಿಗೆ ತಂದು ನೀರು ಎತ್ತಿ ಎತ್ತಿ ಹೊಯ್ಯತೊಡಗಿದಳು. ಎತ್ತುವುದು, ಹೊಯ್ಯುವುದು. ರಟ್ಟೆ ಸೋತು ಬಂತು. ಒಲೆ ಆರಿ ರೊಟ್ಟಿಯ ಹಂಚು ತಣ್ಣಗಾಯಿತು. ಮನೆಗೆ ಬಂದ ಶಶಿಕಾಂತ ಮೊಬೈಲಿನ ಬೆಳಕು ಹಿಡಿದು ಸ್ವಲ್ಪ ಹೊತ್ತು ನಿಂತ. "ರೊಟ್ಟಿ ಆಗ್ಯಾವೇನ?" ಎಂದ. ಅವಳು ಚರಿಗೆ ಎತ್ತಿ ಹೊಯ್ಯುತ್ತಲೇ ಇದ್ದಳು. "ಎರಡ ಮೀನಿನ ಸಲವಾಗಿ ಮೂರ ಮಂದಿ ಉಪವಾಸ" ಎಂದು ಬೆಳಕನ್ನೂ ಜೊತೆಗೇ ಒಯ್ದ.

ನೀರು ಹೊಯ್ಯುತ್ತಿರುವಾಗಲೇ, ಅವನು ಚಹಾ ಕುಡಿಯುತ್ತ ಮಾಡಿದ್ದ ಕುರಿಯ ಚೇಷ್ಟೆ ಅವಳ ತಲೆಯಲ್ಲಿ ಬೇರೆ ದಾರಿ ಹಿಡಿಯಿತು. ತವರಲ್ಲಿ ಅಪ್ಪ ಪರರ ಹೊಲದಲ್ಲಿ ರಾತ್ರಿ ಹಟ್ಟಿ ಹಾಕಿ ಕುರಿ ತರುಬುತ್ತಿದ್ದ. ಕುರಿ ಮಲಗೆದ್ದ ಜಾಗದ ಹಿಕ್ಕೆ, ಗಂಜಲಕ್ಕೆ ಪೈರು ಕಡುಹಸಿರಾಗಿ ಬರುತ್ತಿತ್ತು. ಒಂದೆರಡು ರಾತ್ರಿಯಾದರೆ ಅಪ್ಪನೇ ಹಟ್ಟಿ ಕಿತ್ತು ಕುರಿಗಳನ್ನು ಬೇರೆ ಹೊಲಕ್ಕೆ ಹೊಡೆಯುತ್ತಿದ್ದ. ಹೆಚ್ಚಾದರೆ ಗೊಬ್ಬರದ ಕಾವಿಗೆ ಹೊಲ ಸುಡುತ್ತದೆ ಎನ್ನುತ್ತಿದ್ದ. ಈ ತೊಟ್ಟಿಯಿಂದ ಹಟ್ಟಿ ಎತ್ತುವವರೇ ಇರಲಿಲ್ಲ. ಅತ್ತೆಯ ಪ್ರೀತಿ ದಿನವೂ ತಳಕ್ಕೆ ಇಳಿದು ಗೊಬ್ಬರವಾಗುತ್ತಿತ್ತು. ಬ್ರಶ್ಶು ಎಷ್ಟು ತಿಕ್ಕಿದರೇನು?

ಕರೆಂಟು ಬಂತು. ಚಿಕ್ಕ ಮೀನು ಬಹಳ ಹೊತ್ತಿನ ಮೇಲೆ ನೆಟ್ಟಗಾಯಿತು. ಇನ್ನೊಂದು ಸಲ ಹೀಗಾದರೆ ಅದು ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಆ ಇನ್ನೊಂದು ಸಲ ತಾನು ಶಾಲೆಯಲ್ಲಿರುವಾಗಲೇ ಬರಬಹುದು.

ರವಿವಾರ ಶೈಲಾ ಬಜಾರಿಗೆ ಹೋಗಿ ಒಂದು ಸಣ್ಣ ಬೀಗ ತಂದಳು. ತೊಟ್ಟಿಯ ಮುಚ್ಚಳಕ್ಕೆ ಕೊಂಡಿಯಿತ್ತು. ಮಧ್ಯಾಹ್ನ ಶಶಿಕಾಂತ ಕಾರ್ಖಾನೆಗೆ ಹೋಗಿದ್ದ, ಸುಂದರವ್ವ ಒಳಗೆ ಅಡ್ಡಾಗಿದ್ದರು.

ಓಣಿಯಲ್ಲಿ ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ನೌಕರಿ ಮಾಡೋ ಸೊಸಿ ಮೀನಿಗೂ ಕೀಲಿ ಜಡದಾಳ, ಮುದುಕಿ ಕೈ ತಡದಾಳ. ಇನ್ನೊಂದು ದಾರಿಯೂ ಹೊಳೆದಿತ್ತು. ಮೀನಿನ ಚಿಟಿಕೆ ಆಹಾರವನ್ನು ತಾನು ಹಾಕುವುದು ಬಿಟ್ಟು, ಪೂರ್ತಿ ಅತ್ತೆಗೇ ಒಪ್ಪಿಸಿಬಿಡುವುದು. ಎಲ್ಲರೂ ಮೆಚ್ಚುವ ದಾರಿ. ಆಗ ಮೀನು ಓಡಿ ಹೋಗುವುದು ಸುಂದರವ್ವನ ಕಡೆಗೆ. ಕ್ಯಾನು ಹೊರುವುದು, ಉಪ್ಪು ಕದಡುವುದು, ಪಾಚಿ ತಿಕ್ಕುವುದು ಶೈಲಾಳ ಪಾಲಿಗೆ. ಆ ಚಿಟಿಕೆಯ ಜೊತೆಗೆ ರೊಟ್ಟಿಯ ಚೂರು ಬೀಳುವುದಿಲ್ಲವೆಂದು ನಂಬುವುದೂ ಅವಳ ಪಾಲಿಗೆ. ಈ ಮನೆಯಲ್ಲಿ ಅವಳು ಒಳ್ಳೆಯವಳೆನಿಸಿಕೊಂಡಾಗಲೆಲ್ಲ ಲೆಕ್ಕ ಹೀಗೇ ಮುಗಿದಿತ್ತು.

ಒಳಗೆ ಮಂಚ ಕಿರುಗುಟ್ಟಿತು. ಕೋಲು ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

ಶೈಲಾ ಕೊಂಡಿಗೆ ಬೀಗ ಸಿಕ್ಕಿಸಿ ಒತ್ತಿದಳು. ಕೀಲಿಕೈಯನ್ನು ಅಡಗಿಸಿಡಲಿಲ್ಲ, ಮುಷ್ಟಿಯಲ್ಲೇ ಹಿಡಿದಳು. ಅತ್ತೆ ತಾವಾಗಿ ಬಂದು ಕಂಡುಕೊಳ್ಳುವ ಮೊದಲು ತಾನೇ ಹೇಳಬೇಕೆಂದು ಕೋಣೆಯ ಕಡೆ ತಿರುಗಿದಳು. ಹೇಗೆ ಶುರುಮಾಡುವುದೆಂದು ಹೊಸ್ತಿಲು ಮುಟ್ಟುವವರೆಗೂ ಹೊಳೆಯಲಿಲ್ಲ. ಆದರೂ ಹಿಂದಿರುಗಿ ಬೀಗ ತೆಗೆಯಲಿಲ್ಲ.