ಎಸ್‌ಎಸ್‌ಡಿಯೊಳಗಿನ ಅತ್ತೆ

ನಮ್ಮ ಮನೆಯಲ್ಲೊಂದು ಹಸುವಿದೆ. ಬೈಸಿಕೊಳ್ಳದೆ ಅದು ಹಾಲು ಕೊಡುವುದಿಲ್ಲ. ಹುಟ್ಟಿದ ಕರು ಕೆಲವೇ ದಿನಕ್ಕೆ ಸತ್ತುಹೋದಾಗ ಯಾರನ್ನೂ ಹತ್ತಿರ ಸೇರಿಸದೆ, ಬಂದವರನ್ನೆಲ್ಲ ಒದೆಯುತ್ತ ನಿಂತಿತ್ತು. ಆಗ ನಮ್ಮತ್ತೆ ಚೊಂಬು ಹಿಡಿದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೈಯಲು ಶುರು ಮಾಡಿದರು. ಅದರ ನಡೆ, ಅದರ ಹೊಟ್ಟೆಬಾಕತನ, ಅದರ ತಾಯಿ, ತಾಯಿಯನ್ನು ಸಾಕಿದವರು, ಒಬ್ಬರನ್ನೂ ಬಿಡಲಿಲ್ಲ. ಹಸು ಕಿವಿ ನಿಗುರಿಸಿ ಕೇಳಿತು, ಆಮೇಲೆ ಸೊರೆ ಬಿಟ್ಟು ಕೆಚ್ಚಲಿಗೆ ಹಾಲಿಳಿಸಿತು. ಅಂದಿನಿಂದ ಎರಡು ಹೊತ್ತೂ ಅದೇ ಪದ್ಧತಿ. ಬೈಗುಳ ನಿಂತರೆ ಹಾಲೂ ನಿಲ್ಲುತ್ತಿತ್ತು.

ನಾನೂ ಸಿಡುಕಿಯೇ. ಆದರೆ ಅತ್ತೆಯ ಎದುರಿಗೆ ಬಾಯಿ ತೆರೆದವಳಲ್ಲ. ನನ್ನ ಸಿಟ್ಟೆಲ್ಲ ತೊಳೆಯುವ ಪಾತ್ರೆಗಳ ಮೇಲೆ ತೀರುತ್ತಿತ್ತು.

ಹೋದ ವರ್ಷ ಅತ್ತೆಯ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತು. ತುಮಕೂರಿನಲ್ಲಿ ಆಪರೇಷನ್ ಎಂದು ನಿಗದಿಯಾಯಿತು. ಆಮೇಲೆ ತಿಂಗಳುಗಟ್ಟಲೆ ಮಾತಾಡಬಾರದು, ದನಿ ಮೊದಲಿನ ಹಾಗೆ ಬರುತ್ತದೆಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಮನೆಮಂದಿಯೆಲ್ಲ ಅಳುಮುಖ ಮಾಡಿಕೊಂಡೆವು. ಅತ್ತೆ ಮಾತ್ರ, "ಹಸೀಗೇನು ಮಾಡ್ತೀರಾ?" ಎಂದರು.

ಉಪಾಯ ಹೇಳಿದ್ದು ನನ್ನ ನಾದಿನಿಯ ಗಂಡ. ತಿಪಟೂರಿನಲ್ಲಿ ಮದುವೆ ವಿಡಿಯೊ ತೆಗೆಯುವುದು ಅವರ ಕೆಲಸ. ಬೈಗುಳವನ್ನು ರೆಕಾರ್ಡ್ ಮಾಡಿಟ್ಟುಕೊಂಡರೆ ಕೊಟ್ಟಿಗೆಯಲ್ಲಿ ಹಾಕಿ ಕೇಳಿಸಬಹುದಲ್ಲ ಎಂದರು. ನನ್ನ ಫೋನಲ್ಲೇ ಮಾಡಿಕೊಳ್ಳುತ್ತೇನೆ ಎಂದೆ. ಅವರು ನಕ್ಕರು.

"ಫೋನ್ ಮೈಕಲ್ಲಿ ದನಿ ಸಪ್ಪೆ ಬತ್ತದೆ ಕಣ್ರೀ ಅಕ್ಕ. ವಾಟ್ಸಾಪಲ್ಲಿ ಕಳಿಸಿದ್ರೆ ಇನ್ನೂ ಕೆಡ್ತದೆ. ನಮ್ಗೆ ಗೊತ್ತಾಗ್ದೆ ಇರ್ಬೋದು, ಹಸೀಗೆ ಗೊತ್ತಾಗ್ತದೆ."

ಮದುವೆಗೆ ತರುವ ಕ್ಯಾಮೆರಾ, ದೀಪ, ಬೆಳಕು ಹರಡುವ ಬಿಳಿ ಛತ್ರಿ, ಕಾಲರಿಗೆ ಸಿಕ್ಕಿಸುವ ಮೈಕು ಎಲ್ಲ ಬಂದವು. ಕೊಟ್ಟಿಗೆಯಲ್ಲಿ ಬೆಳಕು ಸಾಲದೆಂದು ಅತ್ತೆಯನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದೆ, ಏನು ಮಾತಾಡಿದರೆಂದು ಕೇಳಿಸಲಿಲ್ಲ. ಆಮೇಲೆ ಅವರು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಕಪ್ಪು ಬಿಲ್ಲೆ ತಂದುಕೊಟ್ಟರು. ವಿಡಿಯೊ ತುಂಬಿಡುವ ಎಸ್‌ಎಸ್‌ಡಿ ಅಂತೆ. ಇದನ್ನು ಫೋನಿಗೆ ಚುಚ್ಚಿದರಾಯಿತು, ಅತ್ತೆ ಬರುತ್ತಾರೆ ಎಂದು ಹೇಳಿ ಹಾಸನದ ಕಡೆಗೊಂದು ಮದುವೆಗೆ ಹೊರಟುಹೋದರು. ಆ ಮದುವೆಗೆ ಜಾಗ ಬೇಕೆಂದು ಕ್ಯಾಮೆರಾದೊಳಗಿನ ಕಾರ್ಡನ್ನು ಅಳಿಸಿಯೂ ಬಿಟ್ಟಿದ್ದರು. ಲೋಕದಲ್ಲಿ ಅತ್ತೆಯ ಬೈಗುಳ ಉಳಿದಿದ್ದು ಆ ಬಿಲ್ಲೆಯೊಳಗೆ ಮಾತ್ರ.

ಹೊರಡುವ ದಿನ ಬೆಳಗಿನ ಹಾಲನ್ನು ಅತ್ತೆಯೇ ಕರೆದಿಟ್ಟರು, ಆಮೇಲೆ ನನ್ನ ಗಂಡ ತಾಯಿಯನ್ನು ಕರೆದುಕೊಂಡು ತುಮಕೂರಿಗೆ ಹೋದರು. ಮನೆಯಲ್ಲಿ ನಾನು, ಮಾವ, ಹಸು ಉಳಿದೆವು. ಅದೇ ದಿನ ಆಪರೇಷನ್ ಆಯಿತು. ಸಂಜೆ ಬಿಲ್ಲೆಯನ್ನು ಅದರ ಜೊತೆಗಿದ್ದ ವೈರಿನಿಂದ ಫೋನಿಗೆ ಚುಚ್ಚಿದೆ. ಅದರ ಮೂತಿಯಲ್ಲಿ ನೀಲಿ ದೀಪ ಪಿಳಿಪಿಳಿ ಎಂದು ಆರಿತು. ಫೋನು ಏನೂ ಹೇಳಲಿಲ್ಲ. ತೆಗೆದು ತಿರುಗಿಸಿ ಚುಚ್ಚಿದೆ. ಚಾರ್ಜರಿನ ವೈರು ತಂದು ಚುಚ್ಚಿದೆ, ಅದು ಚಾರ್ಜಿಗೆ ಮಾತ್ರ ಆಗುವ ವೈರಂತೆ, ದೀಪವೂ ಹತ್ತಲಿಲ್ಲ. ಹಸು ಬಾಲ ಬೀಸುತ್ತ ನನ್ನನ್ನೇ ನೋಡುತ್ತಿತ್ತು. ಹಾಗೇ ಕೈ ಹಾಕಿ ನೋಡಿದೆ. ಚೊಂಬು ಒಂದು ಕಡೆ, ನಾನು ಒಂದು ಕಡೆ ಬಿದ್ದೆವು.

ಮಾವ ಬಿಲ್ಲೆಯನ್ನು ಕೈಗೆ ತೆಗೆದುಕೊಂಡರು. ಅವರಿಗೆ ಗೊತ್ತಿರುವ ಪರೀಕ್ಷೆ ಒಂದೇ. ಅಟ್ಟದ ಮೇಲೆ ವರ್ಷದಿಂದ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎಂದರೆ ಆಯಿತು, ಸುಲಿಯಬಹುದು. ಬಿಲ್ಲೆಯನ್ನೂ ಹಾಗೇ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದರು.

"ಸದ್ದಿಲ್ಲ ಕಣಮ್ಮ. ಇನ್ನೂ ಒಳಗೆ ಬಿಟ್ಟಿಲ್ಲ."

"ಅದು ಕಾಯಲ್ಲ ಮಾವ."

"ಎಲ್ಲಾ ಒಂದೇಯ. ಬಿಸಿಲಿಗಿಟ್ಟು ನೋಡು."

ಬೇರೆ ದಾರಿ ಕಾಣದೆ ನಾದಿನಿಯ ಗಂಡನಿಗೆ ಫೋನ್ ಮಾಡಿದೆ. ಆ ಕಡೆಯಿಂದ ವಾಲಗದ ಸದ್ದು. ಸೆಟ್ಟಿಂಗಿನಲ್ಲಿ ಒಟಿಜಿ ಎಂದು ಇರುತ್ತದೆ, ಅದನ್ನು ಆನ್ ಮಾಡಿ ಎಂದು ಕೂಗಿ ಇಟ್ಟರು. ಹುಡುಕಿ ಆನ್ ಮಾಡಿದೆ. ಈ ಸಲ ಫೋನು ಬಾಯಿ ಬಿಟ್ಟಿತು: ಈ ಡ್ರೈವ್‌ಗೆ ಬೆಂಬಲವಿಲ್ಲ, ಬಳಸಲು ಫಾರ್ಮ್ಯಾಟ್ ಮಾಡಿ. ಅದರ ಕೆಳಗೆ ಒತ್ತಲು ಸರಿ ಎಂಬ ಗುಂಡಿ. ಮಾವನಿಗೆ ಸಂತೋಷವಾಯಿತು.

"ಸರಿ ಅಂತಲೇ ಐತಲ್ಲ, ಒತ್ತು. ಬ್ಯಾಂಕಿನ ಮೆಸಿನ್ನಲ್ಲೂ ಅಂಗೇಯ. ಸರಿ ಅನ್ನೋ ಗಂಟ ಮುಂದುಕ್ಕೋಗಕಿಲ್ಲ," ಎನ್ನುತ್ತ ಅವರೇ ಹೆಬ್ಬೆರಳು ಚಾಚಿದರು.

ಫಾರ್ಮ್ಯಾಟ್ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ಆದರೆ ಅಷ್ಟು ಹೊತ್ತು ಸತಾಯಿಸಿದ ಯಂತ್ರ ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯತನದಿಂದ ಕೇಳಿದ್ದು ನೋಡಿ ಅನುಮಾನ ಬಂತು. ವೈರನ್ನು ಕಿತ್ತು ಮತ್ತೆ ನಾದಿನಿಯ ಗಂಡನಿಗೆ ಫೋನ್ ಹಚ್ಚಿದೆ. ಈ ಸಲ ಅವರು ವಾಲಗ ಬಿಟ್ಟು ಹೊರಗೆ ಓಡಿಬಂದು ಮಾತಾಡಿದರು.

"ಫಾರ್ಮ್ಯಾಟ್ ಅಂದ್ರೆ ಅಳಿಸಿ ಹಾಕೋದು ಕಣ್ರೀ ಅಕ್ಕ. ಅತ್ತೆ ಒಬ್ರೇ ಅಲ್ಲ, ಅದ್ರಲ್ಲಿ ತುರುವೇಕೆರೆ ಮದುವೆನೂ ಐತೆ. ಗಂಡುಹೆಣ್ಣು ಇನ್ನೂ ನೋಡೇ ಇಲ್ಲ."

ಬಿಲ್ಲೆಯನ್ನು ಅವರ ಕಂಪ್ಯೂಟರಿಗೆ ಹೊಂದುವ ಹಾಗೆ ಸಿದ್ಧ ಮಾಡಿದ್ದರಂತೆ. ಅವರ ಹೊಸ ಫೋನು ಅದನ್ನು ಓದುತ್ತದೆ, ನನ್ನ ಫೋನು ಓದುವುದಿಲ್ಲ. ಅತ್ತೆ ಒಳಗಿದ್ದಾರೆ, ಫೋನಿಗೆ ಕಾಣುತ್ತಿಲ್ಲ, ಕಾಣದಿದ್ದುದನ್ನು ಅಳಿಸಿಬಿಡಲೇ ಎಂದು ಕೇಳುತ್ತಿದೆ.

ಆ ಹೊತ್ತಿಗೆ ಆಸ್ಪತ್ರೆಯಿಂದ ಮಾವನ ಫೋನಿಗೆ ವಿಡಿಯೊ ಕಾಲ್ ಬಂತು. ಅತ್ತೆಯ ಕುತ್ತಿಗೆಗೆ ಬಿಳಿ ಪಟ್ಟಿ ಕಟ್ಟಿದ್ದರು. ನನ್ನನ್ನು ಕಂಡಿದ್ದೇ ಎರಡೂ ಕೈ ಮುಂದೆ ಚಾಚಿ, ಮುಷ್ಟಿ ಬಿಗಿದು ಸಡಿಲಿಸಿ, ಹಾಲು ಕರೆಯುವ ಸನ್ನೆ ಮಾಡಿದರು. ಕರೆದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಪಕ್ಕದಲ್ಲಿದ್ದ ಹಾಲಿನ ಲೋಟವನ್ನು ಅವರು ಕೈಯಿಂದ ಅತ್ತ ಸರಿಸಿದರು. ಆಪರೇಷನ್ ಆದ ಮೇಲೆ ಏನೂ ಕುಡಿದಿಲ್ಲ, ಹಸು ಕರೆಯದೆ ಕುಡಿಯಲ್ಲವಂತೆ ಎಂದು ನನ್ನ ಗಂಡ ಹೇಳಿದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಬೆಳಿಗ್ಗೆಯೂ ಹಸು ಒಂದು ತೊಟ್ಟು ಕೊಡಲಿಲ್ಲ. ಕೆಚ್ಚಲು ಬಿಗಿದುಕೊಂಡು ಮುಟ್ಟಿದರೆ ಕಲ್ಲಿನ ಹಾಗಿತ್ತು. ಬಾವು ಬಂದರೆ ಹಸುವೇ ಹಾಳು. ಇಂಜೆಕ್ಷನ್ ಕೊಡಿಸೋಣವೆಂದರೆ ಅತ್ತೆ ಅದನ್ನು ಮನೆಯೊಳಗೆ ಬಿಟ್ಟುಕೊಂಡವರೇ ಅಲ್ಲ. ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಳಿಯಾರಿನ ಬಸ್ಸು ಹತ್ತಿದೆ.

ಅಲ್ಲಿನ ಮೊಬೈಲ್ ಅಂಗಡಿಯವನು ಬಿಲ್ಲೆಯನ್ನು ತೆಗೆದುಕೊಂಡು ಮೊದಲು ಮಾಡಿದ ಕೆಲಸವೆಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ಅವನ ಮನೆಯಲ್ಲೂ ತೋಟವಿದೆ ಎಂದು ಅಲ್ಲಿಗೇ ಗೊತ್ತಾಯಿತು. ಅವನ ಕಂಪ್ಯೂಟರೂ ಅದನ್ನು ಓದಲಿಲ್ಲ. ಬಹಳ ಹೊತ್ತು ಏನೇನೋ ಒತ್ತಿ, ಕೊನೆಗೆ ನನ್ನ ಫೋನಿಗೆ ಒಂದು ಆ್ಯಪ್ ಹಾಕಿದ.

"ಇದ್ರಲ್ಲಿ ಓದ್ತದೆ. ಆದ್ರೆ ನಿಮ್ಮ ಫೋನಿಂದ ಇದಕ್ಕೆ ಪವರ್ ಸಾಲಲ್ಲ ಕಣಕ್ಕ. ನಾಕು ತೂತಿನ ಈ ಹಬ್ ಹಾಕಿ, ಇದಕ್ಕೆ ಚಾರ್ಜರ್ ಹಾಕಿ, ಚಾರ್ಜರ್ ಗೋಡೇಲಿರ್ಬೇಕು."

"ಫೋನಿಗೇ ಇಳಿಸಿಬುಡಪ್ಪ."

"ಜಾಗ ಇಲ್ವಲ್ಲ. ಅಷ್ಟು ದೊಡ್ದಾಗಿ ತೆಗ್ದವ್ರೆ. ಯಾವ ಸಿನಿಮಾ ಇದು?"

ನಮ್ಮತ್ತೆ ಹಸುವಿಗೆ ಬೈಯುವುದು ಎಂದೆ. ಅವನು ಹಬ್ಬಿನ ದುಡ್ಡು ಈಸಿಕೊಂಡು ಮುಂದಿನ ಗಿರಾಕಿಯನ್ನು ಕರೆದ.

ಆ ಸಂಜೆ ನಮ್ಮ ಕೊಟ್ಟಿಗೆ ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತಿತ್ತು. ನಡುಮನೆಯಿಂದ ಎಳೆದ ಉದ್ದನೆಯ ವೈರು, ಅದಕ್ಕೆ ಚಾರ್ಜರು, ಚಾರ್ಜರಿಗೆ ಹಬ್ಬು, ಹಬ್ಬಿಗೆ ಬಿಲ್ಲೆ ಮತ್ತು ಫೋನು, ಎಲ್ಲವೂ ಗೊಂತಿನ ಗೂಟಕ್ಕೆ ಬಾಳೆನಾರಿನಲ್ಲಿ ಬಿಗಿದಿದ್ದವು. ಒತ್ತಿದೆ. ಮೊದಲು ತುರುವೇಕೆರೆಯ ಮದುವೆ ಬಂತು. ಹಸು ಮೇವು ಬಿಟ್ಟು ಧಾರೆಯನ್ನು ಪೂರ್ತಿ ನೋಡಿತು. ಆಮೇಲೆ ಪಿಟೀಲಿನ ಸಂಗೀತದೊಡನೆ ಗುಲಾಬಿ ಹೂಗಳು ಉದುರಿ, ಅವುಗಳ ನಡುವೆ ರೇಷ್ಮೆ ಸೀರೆಯುಟ್ಟ ಅತ್ತೆ ಪ್ರತ್ಯಕ್ಷರಾದರು. ಕೈ ಮುಗಿದರು.

"ಎಲ್ಲರಿಗೂ ನಮಸ್ಕಾರ. ನಮ್ಮ ಹಸು ಬಹಳ ಒಳ್ಳೆಯ ಹಸು. ದಯವಿಟ್ಟು ಹಾಲು ಕೊಡಬೇಕಮ್ಮ," ಎಂದು ಭಾಷಣದವರ ಹಾಗೆ ಶುರು ಮಾಡಿದರು.

ಕ್ಯಾಮೆರಾ ಕಂಡು ಅತ್ತೆ ನಾಜೂಕಾಗಿಬಿಟ್ಟಿದ್ದರು. ಒಂದೇ ಒಂದು ಬೈಗುಳ ಇರಲಿಲ್ಲ. ಹಸು ಮುಖ ತಿರುಗಿಸಿತು. ಮುಂದೆಲ್ಲಾದರೂ ಬೈದಿರಬಹುದೆಂದು ಓಡಿಸುತ್ತಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು. ಡ್ರೈವ್ ಅನ್ನು ಅನಿರೀಕ್ಷಿತವಾಗಿ ತೆಗೆಯಲಾಗಿದೆ ಎಂದಿತು ಫೋನು.

ನನ್ನೊಳಗೆ ಇಷ್ಟು ವರ್ಷ ಬಿಗಿದುಕೊಂಡಿದ್ದ ಏನೋ ಒಂದು ಪಟ್ಟನೆ ಬಿಚ್ಚಿಕೊಂಡಿತು. "ಅನಿರೀಕ್ಷಿತವಂತೆ ಅನಿರೀಕ್ಷಿತ. ನಿನ್ನ ಮೂತಿಗಿಷ್ಟು ಬೆಂಕಿ ಹಾಕ. ತಿನ್ನಕೆ ಗೋಡೆ ಕರೆಂಟೇ ಬೇಕು ನಿಂಗೆ, ಕೊಡು ಅಂದ್ರೆ ಒಂದು ತೊಟ್ಟಿಲ್ಲ. ಒಳಗಿಟ್ಕೊಂಡು ಯಾರನ್ನ ಉದ್ಧಾರ ಮಾಡೀಯೇ, ಬುಡ್ತೀಯೋ ಇಲ್ವೋ?" ಎಂದು ಬಿಲ್ಲೆಯನ್ನು ಹಿಡಿದು ಬೈದೆ. ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಆ ಮನೆಯಲ್ಲಿ ಅದೇ ಮೊದಲು.

ಹಸು ಕಿವಿ ನಿಗುರಿಸಿತು. ಕೆಚ್ಚಲ ತುದಿಯಿಂದ ಹಾಲು ತೊಟತೊಟನೆ ನೆಲಕ್ಕೆ ಬಿತ್ತು.

"ನಿಲ್ಲಿಸ್ಬ್ಯಾಡ ಕಣಮ್ಮ, ಬೈತಾ ಇರು," ಎಂದು ಮಾವ ಚೊಂಬು ಕೊಟ್ಟರು.

ಕೂತು ಕರೆಯತೊಡಗಿದೆ. ಬಿಲ್ಲೆಗೆ ಬೈಯುವುದು ಬೇಗ ಮುಗಿಯಿತು. ಅಂಗಡಿಯವನನ್ನು ಬೈದೆ, ನಾದಿನಿಯ ಗಂಡನನ್ನು, ಅವರ ಛತ್ರಿಯನ್ನು ಬೈದೆ, ನನ್ನ ಗಂಡನನ್ನು ಬೈದೆ. ಚೊಂಬು ಅರ್ಧವೂ ತುಂಬಿರಲಿಲ್ಲ. ಬೈಯಲು ಇನ್ನು ಉಳಿದವರು ಒಬ್ಬರೇ, ಅತ್ತೆ. ಬಂದ ಹೊಸದರಲ್ಲಿ ನನ್ನ ಸಾರಿಗೆ ನೀರು ಹುಯ್ದು ಹಸುವಿಗಿಟ್ಟಿದ್ದು, ನನ್ನ ತಾಯಿ ಬಂದಾಗ ಹಟ್ಟಿ ಗುಡಿಸುತ್ತ ಬೆನ್ನು ತಿರುಗಿಸಿದ್ದು, ಜ್ವರದಲ್ಲಿ ಮಲಗಿದ್ದಾಗ ಒಂದು ಮಾತು ಕೇಳದೇ ಹೋದದ್ದು, ಎಲ್ಲವನ್ನೂ ಹಸುವಿನ ಹೊಟ್ಟೆಗೆ ಹಣೆಯೊತ್ತಿ ಕೂಗಿ ಹೇಳಿದೆ. ಹಾಲು ನೊರೆಗಟ್ಟಿ ಸುರಿಯುತ್ತಿತ್ತು.

ತಲೆಯೆತ್ತಿದಾಗ ಮಾವ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದರು. ವಿಡಿಯೊ ಕಾಲ್ ಬಂದಿದ್ದು, ಎತ್ತಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಪರದೆಯಲ್ಲಿ ಅತ್ತೆ ಇದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನ ಬಾಯಿ ಕಟ್ಟಿತು. ಹಾಲಿನ ಧಾರೆಯೂ ಸಣ್ಣಗಾಯಿತು. ಅತ್ತೆಯ ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ ಮತ್ತೇನೋ ತಿಳಿಯಲಿಲ್ಲ. ಅವರು ಕೈ ಮೇಲೆತ್ತಿ, ನಿಲ್ಲಿಸಬೇಡ, ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದರು. ಇಲ್ಲಿ ಚೊಂಬು ತುಂಬಿದ ಮೇಲೆ ಅಲ್ಲಿ ಹಾಲಿನ ಲೋಟ ತರಿಸಿಕೊಂಡು ಕುಡಿದರು.

ಅತ್ತೆ ಮನೆಗೆ ಬಂದು ಬಹಳ ದಿನವಾಯಿತು. ದನಿ ಬಂದಿದೆ, ಆದರೆ ಪಿಸುಮಾತಿನಷ್ಟೇ, ಹಸುವಿಗೆ ಮುಟ್ಟುವುದಿಲ್ಲ. ಹಾಗಾಗಿ ಕರೆಯುವ ಹೊತ್ತಿಗೆ ನನ್ನ ಪಕ್ಕದಲ್ಲೇ ಬಂದು ಕೂರುತ್ತಾರೆ. ಅವರು ಮೆಲ್ಲಗೆ ಒಂದೊಂದು ಬೈಗುಳ ಹೇಳಿಕೊಡುತ್ತಾರೆ, ನಾನು ಗಟ್ಟಿಯಾಗಿ ಕೂಗುತ್ತೇನೆ. ಅವುಗಳಲ್ಲಿ ಕೆಲವು ಹಸುವಿಗಲ್ಲ, ಅಂದಿನ ನನ್ನ ಮಾತುಗಳಿಗೆ ಉತ್ತರ. ಅವನ್ನೂ ಒಂದಕ್ಷರ ಬಿಡದೆ ಕೂಗುತ್ತೇನೆ.